ಭೂಮಿ ಉಳಿಸುವವಳ ಗಂಡ

ನನ್ನ ಹೆಂಡತಿಗೆ ತಲೆ ಕೆಟ್ಟಿದೆ ಎಂದು ಆಲ್ದೂರಿನಲ್ಲಿ ಯಾರು ಹೇಳಿದರೂ ನಾನು ಜಗಳಕ್ಕೆ ಹೋಗುವುದಿಲ್ಲ. ಆ ಮಾತನ್ನು ಮೊದಲು ಹೇಳಿದವನೇ ನಾನು! ನಮ್ಮೂರಿನಲ್ಲಿ ಒಂದು ಗಾಳಿ ಬೀಸಿದರೆ ಎರಡು ದಿನ ಕರೆಂಟಿರುವುದಿಲ್ಲ. ಆದರೂ ಕಳೆದ ಒಂದೂವರೆ ವರ್ಷದಲ್ಲಿ ನನಗೆ ಇವಳಿಂದ ಶಾಕ್ ಹೊಡೆಯುವುದು ಒಂದು ದಿನವೂ ತಪ್ಪಿಲ್ಲ.

ಮೊದಲ ಶಾಕ್ ಹೊಡೆದದ್ದು ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ. ಅಲ್ಲಿಗೆ ಯಾಕೆ ಹೋಗಿದ್ದೆವು ಎಂಬುದನ್ನು ಹೇಳಬಾರದು ಎಂದು ಆಗ ನಾನೇ ಆಣೆ ಹಾಕಿಸಿದ್ದೆ. ಈಗ ಹೇಳಬಹುದು. ನನಗೆ ಉಬ್ಬಸ. ನನ್ನದು ಗೊಬ್ಬರ ಮತ್ತು ತೋಟಕ್ಕೆ ಹೊಡೆಯುವ ಸ್ಪ್ರೇ ಔಷಧಿಗಳ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹದಿನೆಂಟು ಮೆಟ್ಟಿಲು. ಒಂಬತ್ತನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ನನ್ನ ಎದೆಯೊಳಗೆ ಯಾರೋ ಪೀಪಿ ಊದುತ್ತಿದ್ದರು. ಅಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಬಸ್ಸು ಬಂತೇ ಎಂದು ರಸ್ತೆ ನೋಡುವವನಂತೆ ನಟಿಸಿ ಆಮೇಲೆ ಉಳಿದ ಒಂಬತ್ತು ಹತ್ತುತ್ತಿದ್ದೆ. ಔಷಧಿ ಮಾರುವವನಿಗೇ ಉಸಿರಾಡಲು ಬರುವುದಿಲ್ಲ ಎಂದರೆ ತೋಟದವರು ನನ್ನ ಅಂಗಡಿಗೆ ಬರುತ್ತಾರೆಯೇ? ಆದ್ದರಿಂದ ಎದೆ ಡಾಕ್ಟರ ಬಳಿಯಿಂದ ಹೊರಬಂದೊಡನೆ ಹೆಂಡತಿಗೆ ಹೇಳಿದೆ.

"ನೋಡು, ಈ ವಿಷ್ಯ ಮೂರನೆಯವ್ರ ಕಿವಿಗೆ ಬೀಳ್ಬಾರ್ದು. ನನ್ನೆದುರಿಗೂ ಎತ್ತಬಾರ್ದು. ಅದು ಬಿಡಿ, ಇದು ಬಿಡಿ ಅಂತ ಶುರು ಮಾಡಿದ್ರೆ ನಂಗೆ ಆಗಲ್ಲ. ನನ್ನಾಣೆ."

"ಆಯ್ತು, ಎತ್ತಲ್ಲ" ಎಂದಳು ಅವಳು. ಅಷ್ಟು ಬೇಗ ಒಪ್ಪಿದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು.

ಡಾಕ್ಟರು ಎರಡು ಚೀಟಿ ಕೊಟ್ಟಿದ್ದರು. ಮಾತ್ರೆಯದ್ದನ್ನು ಜೇಬಿಗಿಟ್ಟು, ಉಪದೇಶದ್ದನ್ನು ಓದದೆ ಉಂಡೆ ಮಾಡಿ ಬಸ್ಸಿನ ಚಕ್ರದ ಕಡೆಗೆ ಎಸೆದೆ. ಇವಳು ಏನು ಮಾಡಿದಳು ಗೊತ್ತೇ? ಸೆರಗು ಸಿಕ್ಕಿಸಿಕೊಂಡು ಬಗ್ಗಿ ಅದನ್ನು ಹೆಕ್ಕಿದಳು. ಅದರ ಪಕ್ಕದಲ್ಲಿದ್ದ ಕಡಲೆಕಾಯಿ ಪೊಟ್ಟಣ, ಯಾರೋ ತಿಂದೆಸೆದ ಚಿಪ್ಸ್ ಕವರು, ಎರಡು ಬಸ್ ಟಿಕೆಟ್ಟು, ಎಲ್ಲವನ್ನೂ ಹೆಕ್ಕಿ ತನ್ನ ಬ್ಯಾಗಿಗೆ ಹಾಕಿಕೊಂಡಳು! ಸುತ್ತ ನಿಂತ ಜನರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಎಂತ ಮಾರಾಯ್ತಿ ಇದು?"

"ರಸ್ತೇಲಿ ಕಸ ಹಾಕ್ಬಾರ್ದು ಕಣ್ರೀ. ಭೂಮಿ ಹಾಳಾಗುತ್ತೆ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಬಾಯಲ್ಲಿ ಭೂಮಿಯ ವಿಚಾರ ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಭೂಮಿ ತನ್ನ ಪಾಡಿಗೆ ತಾನು ತಿರುಗುತ್ತಿತ್ತು, ಇವಳು ತನ್ನ ಪಾಡಿಗೆ ರೊಟ್ಟಿ ತಟ್ಟುತ್ತಿದ್ದಳು.

ಊರಿಗೆ ಬಂದ ಸಂಜೆಯೇ ಎರಡನೆಯ ಶಾಕ್. ಅಂಗಡಿಯ ರಟ್ಟು, ಪ್ಲಾಸ್ಟಿಕ್ಕು, ಮನೆಯ ಕಸವನ್ನೆಲ್ಲ ಹಿತ್ತಲಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಟ್ಟು, ಅದು ಧಗಧಗ ಉರಿಯುವುದನ್ನು ನೋಡುತ್ತ ಕಾಫಿ ಕುಡಿಯುವುದು ನನ್ನ ದಿನದ ದೊಡ್ಡ ಸುಖ. ಅಂದು ಕಡ್ಡಿ ಗೀರುವಷ್ಟರಲ್ಲಿ ಇವಳು ಒಂದು ಕೊಡ ನೀರು ತಂದು ಗುಡ್ಡೆಯ ಮೇಲೆ ಸುರಿದಳು. ಸ್ವಲ್ಪ ನನ್ನ ಮೇಲೂ ಬಿತ್ತು. ಮರುದಿನದಿಂದ ಕಸವನ್ನು ಮೂರು ಪಾಲು ಮಾಡುವ ಕೆಲಸ ಶುರುವಾಯಿತು. ಸಿಪ್ಪೆಗೆ ಒಂದು ಡ್ರಮ್ಮು, ರಟ್ಟಿಗೆ ಒಂದು ಚೀಲ. ಹಾಲಿನ ಕವರುಗಳಿಗೆ ಮಾತ್ರ ರಾಜಮರ್ಯಾದೆ: ಅವು ಸೋಪಿನ ನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಣಹಾಕುವ ಹಗ್ಗದ ಮೇಲೆ ನನ್ನ ಬನಿಯನ್ನುಗಳ ಪಕ್ಕದಲ್ಲಿ ಸಾಲಾಗಿ ನೇತಾಡುತ್ತಿದ್ದವು.

ಅಂಗಡಿಯ ಪಕ್ಕದಲ್ಲಿ ರಫೀಕನ ಗ್ಯಾರೇಜು. ಜೀಪಿನ ಕೆಳಗೆ ಮಲಗಿದ್ದರೂ ಅವನ ಕಣ್ಣು ನಮ್ಮ ಹಗ್ಗದ ಮೇಲೆಯೇ.

"ಅಣ್ಣಾ, ನಿನ್ನೆ ಐದು ಕವರಿತ್ತು, ಇವತ್ತು ನಾಲ್ಕೇ ಉಂಟು. ಒಂದು ಗಾಳಿಗೆ ಹೋಯ್ತಾ ಎಂತ?"

ನಾನು ಕೇಳಿಸದವನಂತೆ ಒಳಗೆ ಹೋದೆ. ಇವಳು ಬೇಕರಿಗೂ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹೋಗಿ ಖಾರ ಬನ್ನು ತರುತ್ತಾಳೆ ಎಂಬ ಸುದ್ದಿ ಅದಾಗಲೇ ಬಸ್ಸು ಹತ್ತಿ ವಸ್ತಾರೆಯವರೆಗೆ ಹೋಗಿತ್ತು. ಒಂದು ಶನಿವಾರ ಅಂಗಡಿಗೆ ಬಂದ ತೋಟದ ಲೆಕ್ಕ ಬರೆಯುವ ರೈಟರೊಬ್ಬರು, "ನಿಮ್ಮ ಮನೆಯವ್ರು ಹುಷಾರಾಗಿದ್ದಾರಲ್ಲ?" ಎಂದು ಬಹಳ ಮೆತ್ತಗೆ ವಿಚಾರಿಸಿದರು. ಹುಷಾರಾಗಿಯೇ ಇದ್ದಾಳೆ, ಭೂಮಿಗೆ ಹುಷಾರಿಲ್ಲವಂತೆ ಎಂದೆ.

ಆಮೇಲೆ ನಿಷೇಧಗಳ ಮಳೆ. ಸೊಳ್ಳೆಬತ್ತಿ ಬಂದ್. ಅದರ ಬದಲು ಸೊಳ್ಳೆಪರದೆ. ರಾತ್ರಿ ಅದರೊಳಗೆ ನುಗ್ಗುವುದೆಂದರೆ ನನ್ನ ಗಾತ್ರದವನಿಗೆ ಸರ್ಕಸ್ಸು. ಹತ್ತಿಯ ಹಾಸಿಗೆ ಬಂದ್. ಅಂಗಡಿಯ ಶರ್ಟು ಹಾಕಿಕೊಂಡು ಮನೆಯೊಳಗೆ ಬರುವುದು ಬಂದ್. ಕಡೆಯ ಮೆಟ್ಟಿಲ ಮೇಲೆ ಒಂದು ಗೂಟ ಹೊಡೆಸಿದಳು. ನಾನು ಅಲ್ಲೇ ಶರ್ಟು ಬಿಚ್ಚಿ ನೇತುಹಾಕಿ, ಮುಖ್ಯರಸ್ತೆಯ ಎದುರಿಗೆ ಬರೀ ಮೈಯಲ್ಲಿ ಒಂದು ನಿಮಿಷ ನಿಂತು, ಅವಳು ಕೊಟ್ಟ ಒಗೆದ ಶರ್ಟು ತೊಟ್ಟು ಒಳಗೆ ಹೋಗಬೇಕು. ಈ ಶರ್ಟಿಗೂ ಭೂಮಿಗೂ ಏನು ಸಂಬಂಧ? ಕೇಳಿದೆ. "ಸಂಬಂಧ ಉಂಟು" ಎಂದು ಹೇಳಿ ಅಡುಗೆಮನೆಗೆ ಹೋದಳು.

ಇವೆಲ್ಲಕ್ಕಿಂತ ದೊಡ್ಡ ಆಘಾತ ಬಚ್ಚಲಮನೆಯಲ್ಲಿ ಕಾದಿತ್ತು. ತಲೆತಲಾಂತರದಿಂದ ನಮ್ಮ ಹಂಡೆಯ ಒಲೆಗೆ ಕಾಫಿ ಗಿಡದ ಸೌದೆ. ಅದನ್ನು ನಿಲ್ಲಿಸಿ ತಾರಸಿಯ ಮೇಲೆ ಸೋಲಾರ್ ಕೂರಿಸಿದಳು. ಸ್ವಾಮಿ, ಜೂನ್ ತಿಂಗಳಲ್ಲಿ ಹೋದ ಸೂರ್ಯ ಅಕ್ಟೋಬರಿನಲ್ಲಿ ಮುಖ ತೋರಿಸುವ ಊರು ಇದು! ಆ ಮಳೆಗಾಲ ಸೋಲಾರಿನ ನಲ್ಲಿಯಿಂದ ಬಂದ ನೀರು ಎಷ್ಟು ತಣ್ಣಗಿತ್ತೆಂದರೆ, ಮೊದಲ ಚೊಂಬು ಸುರಿದುಕೊಂಡಾಗ ನಾನು ಕೂಗಿದ ಕೂಗಿಗೆ ರಫೀಕ್ ಸ್ಪಾನರ್ ಹಿಡಿದುಕೊಂಡು ಮೇಲೆ ಓಡಿಬಂದಿದ್ದ. ಮರುದಿನ ಇವಳು ಎರಡು ದೊಡ್ಡ ಪಾತ್ರೆಯಲ್ಲಿ ಗ್ಯಾಸಿನ ಮೇಲೆ ನೀರು ಕಾಯಿಸಿಟ್ಟಳು. ನನಗೆ ಇನ್ನೇನು ಬೇಕು? ಕಡೆಗೂ ಸಿಕ್ಕಿಬಿದ್ದಳು ಎಂದುಕೊಂಡೆ.

"ಅಲ್ಲ ಕಣೇ, ಗ್ಯಾಸು ಭೂಮಿಯೊಳಗಿಂದ ಬಗೆದು ತರೋದು. ಸೌದೆ ತೋಟದವ್ರು ಕಾಫಿ ಗಿಡ ಸವರಿದ್ದು, ಮತ್ತೆ ಚಿಗುರುತ್ತೆ. ಯಾವ್ದು ಭೂಮಿಗೆ ಒಳ್ಳೇದು ಹೇಳು?"

ಅವಳು ಒಂದು ಗಳಿಗೆ ತಬ್ಬಿಬ್ಬಾದಳು. ಆಮೇಲೆ, "ಸ್ನಾನಕ್ಕೆ ಹೋಗಿ, ನೀರು ಆರುತ್ತೆ" ಎಂದಳು. ವಾದದಲ್ಲಿ ನಾನು ಗೆದ್ದದ್ದು ಅದೊಂದೇ ಸಲ. ಆ ಗೆಲುವಿನ ಖುಷಿಯಲ್ಲಿ, ಅವಳು ಯಾಕೆ ತಬ್ಬಿಬ್ಬಾದಳು ಎಂದು ಯೋಚಿಸಲೇ ಇಲ್ಲ, ದಡ್ಡ.

ಇನ್ನು ವಸ್ತಾರೆಯ ನನ್ನ ಸೋದರಮಾವನ ಕಥೆ. ಮಾವನೆಂದರೆ ಹಣೆ ತುಂಬ ವಿಭೂತಿ, ಬಾಯಿ ತುಂಬ ಬುದ್ಧಿವಾದ. ಹೆಂಡ ಸಾರಾಯಿ ಇರಲಿ, ದ್ರಾಕ್ಷಿ ಕೊಳೆತಿದ್ದರೂ ಮೂಗು ಮುಚ್ಚಿಕೊಳ್ಳುವವರು ಎಂದು ಹೆಸರು. ಒಂದು ದಿನ ನಮ್ಮ ಮನೆಗೆ ಬಂದವರು ಊಟಕ್ಕೆ ಮೊದಲು ಪೂಜೆಗೆ ಕೂತು ಅಗರಬತ್ತಿಗೆ ಕೈ ಚಾಚಿದರು. ಅಗರಬತ್ತಿಯೂ ಬಂದ್ ಆಗಿ ಆರು ತಿಂಗಳಾಗಿತ್ತು.

"ಧೂಪ ಇಲ್ದೆ ಪೂಜೆ ಹೆಂಗಮ್ಮಾ?"

"ಶಿವನಿಗೆ ಪತ್ರೆ, ನೀರು ಇದ್ರೆ ಸಾಕು ಮಾವಯ್ಯ. ಹೊಗೆ ಅವ್ನು ಸುಡುಗಾಡಲ್ಲೇ ಬೇಕಾದಷ್ಟು ಕುಡೀತಾನೆ."

ಮಾವ ಧೂಪವಿಲ್ಲದೆಯೇ ಪೂಜೆ ಮುಗಿಸಿದರು. ಊಟವಾದ ಮೇಲೆ ಉಗ್ರಾಣದ ಪಕ್ಕದ ಕೋಣೆಯಲ್ಲಿ ಮಲಗಿದರು. ಆ ಉಗ್ರಾಣದಲ್ಲಿ ಇವಳ ಇನ್ನೊಂದು ಹುಚ್ಚು ಸಾಲಾಗಿ ನಿಂತಿತ್ತು. ಕಿತ್ತಳೆ ಸಿಪ್ಪೆ, ಬೆಲ್ಲ, ನೀರು ಸೇರಿಸಿ ಮೂರು ತಿಂಗಳು ಕೊಳೆಹಾಕಿ, ಸೋಸಿ, ಜ್ಯೂಸಿನ ಗಾಜಿನ ಬಾಟಲಿಗಳಲ್ಲಿ ತುಂಬಿಟ್ಟ ಕೆಂಪು ದ್ರವ. ಫಿನಾಯಿಲ್ ಬಂದ್ ಆದ ಮೇಲೆ ನಮ್ಮ ನೆಲ ಒರೆಸುವುದು ಅದರಿಂದಲೇ. ಈಗ ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಇಲ್ಲಿ ಎಷ್ಟೋ ಮನೆಗಳ ಉಗ್ರಾಣದಲ್ಲಿ ಮನೆಯವರೇ ಮಾಡಿದ ಹಣ್ಣಿನ ವೈನು ಇಂಥದೇ ಬಾಟಲಿಗಳಲ್ಲಿ, ಇಂಥದೇ ಬಣ್ಣದಲ್ಲಿ ಕೂತಿರುತ್ತದೆ. ಮಾವನಿಗೂ ಗೊತ್ತಿತ್ತು. ನಾವಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಗೊತ್ತಿತ್ತು!

ನಾಲ್ಕು ಗಂಟೆಗೆ ಮಾವ ಹೊರಗೆ ಬಂದಾಗ ಹುಣಸೆಕಾಯಿ ಕಚ್ಚಿದವರ ಮುಖವಾಗಿತ್ತು. ಮೂರು ಲೋಟ ನೀರು ಕುಡಿದರು. ಇವಳು ಉಗ್ರಾಣಕ್ಕೆ ಹೋಗಿ ಬಂದು, "ನೆಲ ಒರೆಸೋ ಬಾಟ್ಲಿಲಿ ನಾಲ್ಕು ಬೆರಳು ಕಮ್ಮಿ ಆಗಿದೆ. ಇಲಿಯೂ ಮುಟ್ಟಲ್ಲ ಅದನ್ನ" ಎಂದಳು.

ಮಾವನ ವಿಭೂತಿಯೂ ಬೆವರಿತು. "ನೆಲ... ಒರೆಸೋಕಾ?"

"ಹೂಂ ಮಾವಯ್ಯ. ಕಕ್ಕಸಿಗೂ ಹಾಕ್ತೀನಿ."

"ಅದಕ್ಕೆ ಏನೇನು ಸೇರಿಸ್ತೀಯಮ್ಮಾ?"

"ಸಿಪ್ಪೆ, ಬೆಲ್ಲ, ನೀರು. ಅಷ್ಟೇ."

ಮಾವ ದೊಡ್ಡ ಉಸಿರು ಬಿಟ್ಟರು. "ಒಳ್ಳೇದು. ಮೈಗೆ ಒಳ್ಳೇದು. ಅಂದ್ರೆ... ನೆಲಕ್ಕೆ." ಅಂದಿನಿಂದ ನಮ್ಮ ಮನೆಯ ಅಗರಬತ್ತಿಯ ಬಗ್ಗೆ ಅವರು ತುಟಿ ಬಿಚ್ಚಿಲ್ಲ.

ಹೀಗೆ ಊರೆಲ್ಲ ನಗುತ್ತ, ನಾನೂ ಅವರ ಜೊತೆ ಸೇರಿ ನಗುತ್ತ ದಿನ ಹೋಗುತ್ತಿತ್ತು. ಕಳೆದ ವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಗೂಟದ ಹತ್ತಿರ ಶರ್ಟು ಬಿಚ್ಚುತ್ತ ನಿಂತವನಿಗೆ ಏನೋ ಮರೆತಂತಾಯಿತು. ಏನು? ಬಸ್ಸು. ಬಸ್ಸು ನೋಡುವುದನ್ನು ಮರೆತಿದ್ದೆ. ಒಂಬತ್ತನೆಯ ಮೆಟ್ಟಿಲಲ್ಲಿ ನಿಲ್ಲದೆ ಹದಿನೆಂಟನ್ನೂ ಒಂದೇ ಉಸಿರಿಗೆ ಹತ್ತಿ ಬಂದಿದ್ದೆ. ಶರ್ಟನ್ನು ಅರ್ಧ ತೊಟ್ಟವನು ಮತ್ತೆ ಕೆಳಗಿಳಿದು ಅಂಗಡಿಯ ಡ್ರಾಯರ್ ಎಳೆದೆ. ಉಬ್ಬಸ ಬಂದಾಗ ಬಾಯಿಗೆ ಹೊಡೆದುಕೊಳ್ಳಲು ಡಾಕ್ಟರು ಬರೆದುಕೊಟ್ಟಿದ್ದ ಪಂಪನ್ನು ಬಿಲ್ ಪುಸ್ತಕದ ಹಿಂದೆ ಬಚ್ಚಿಟ್ಟಿದ್ದೆ. ಅದರ ಮೇಲೆ ದೂಳು ಕೂತಿತ್ತು. ಕಡೆಯ ಸಲ ಯಾವಾಗ ಬಳಸಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಮತ್ತೆ ಮೇಲೆ ಹೋದೆ. ಇವಳು ರಫೀಕನ ಹೆಂಡತಿಗೆ ನೆಲ ಒರೆಸುವ ಬಾಟಲಿ ಕೊಡಲು ಹೋಗಿದ್ದಳು. ನಾನೇ ಬಡಿಸಿಕೊಳ್ಳೋಣವೆಂದು ಉಪ್ಪಿನಕಾಯಿ ಜಾಡಿ ಎತ್ತಿದರೆ ಅದರ ಹಿಂದೆ, ಗೋಡೆಗೆ ಒರಗಿಸಿ, ಒಂದು ಚೀಟಿ. ಒಮ್ಮೆ ಉಂಡೆಯಾಗಿ ಮತ್ತೆ ನೇರವಾದ ಕಾಗದ. ಇಸ್ತ್ರಿ ಹಾಕಿದ್ದಳೋ ಏನೋ, ಆದರೂ ಸುಕ್ಕು ಹೋಗಿರಲಿಲ್ಲ. ಡಾಕ್ಟರ ಅಕ್ಷರ. ಸೊಳ್ಳೆಬತ್ತಿ ಬೇಡ. ಅಗರಬತ್ತಿ ಬೇಡ. ಫಿನಾಯಿಲ್ ಬೇಡ. ಕಸ ಸುಡುವ ಹೊಗೆ ಬೇಡ. ಸೌದೆ ಒಲೆಯ ಹೊಗೆ ಬೇಡ. ಹಳೆಯ ಹತ್ತಿ ಹಾಸಿಗೆ ಬೇಡ. ಔಷಧಿ ತಾಗಿದ ಬಟ್ಟೆ ಮನೆಯೊಳಗೆ ಬೇಡ. ಒಂದೊಂದರ ಪಕ್ಕದಲ್ಲೂ ಹಸಿರು ಪೆನ್ನಿನ ಗುರುತು. ಕಡೆಯದಕ್ಕೆ ಮಾತ್ರ ಗುರುತಿರಲಿಲ್ಲ: ಸ್ಪ್ರೇ ಔಷಧಿಗಳ ಹತ್ತಿರ ದಿನವಿಡೀ ಕೂರಬಾರದು. ಅದರ ಮುಂದೆ ಅವಳ ದುಂಡಕ್ಷರದಲ್ಲಿ ಬರೆದಿತ್ತು, "ಇದು ಹೇಗೆ?"

ನಾನು ಉಪ್ಪಿನಕಾಯಿ ಜಾಡಿ ಹಿಡಿದುಕೊಂಡೇ ನಿಂತಿದ್ದೆ. ಅವಳು ಒಳಗೆ ಬಂದವಳು ನನ್ನ ಕೈಯನ್ನೂ ಗೋಡೆಯನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ನಾನು ಆಣೆ ಮುರಿದಿಲ್ಲ" ಎಂದಳು.

"ಹಾಗಾದ್ರೆ ಭೂಮಿ?"

"ನಿಮ್ಗೋಸ್ಕರ ಅಂದಿದ್ರೆ ನೀವು ಒಂದೂ ಬಿಡ್ತಿರ್ಲಿಲ್ಲ. ಭೂಮಿ ಅಂದ್ರೆ ಬೈದ್ಕೊಂಡಾದ್ರೂ ಬಿಡ್ತೀರಿ. ಒಮ್ಮೆ ಹೇಳಿದ ಮೇಲೆ ಪೂರ್ತಿ ಆಡ್ಬೇಕಲ್ಲ, ಅದಕ್ಕೆ ಹಾಲಿನ ಕವರು, ಬೇಕರಿ ಡಬ್ಬಿ ಎಲ್ಲ ಸೇರ್ಕೊಂಡ್ವು. ಆಮೇಲೆ ನಂಗೂ ಅದ್ರ ರುಚಿ ಹತ್ತಿತು."

"ಊರವ್ರೆಲ್ಲ ನಿನ್ನ ಹುಚ್ಚಿ ಅಂದ್ರಲ್ಲೇ."

"ನೀವೂ ಅಂದ್ರಿ" ಎಂದಳು. ಬೇಸರವೇನೂ ಇರಲಿಲ್ಲ ಆ ಮಾತಿನಲ್ಲಿ. ನಾನು ಮಾತ್ರ ಅತ್ತುಬಿಟ್ಟೆ. ಐವತ್ತೆರಡು ವರ್ಷದ ಗಂಡಸು, ಒಂದು ಕೈಯಲ್ಲಿ ಮಾವಿನ ಉಪ್ಪಿನಕಾಯಿ.

ಸಂಜೆ ರಫೀಕನ ಹತ್ತಿರ ಹೋದೆ. ಅವನ ಗ್ಯಾರೇಜಿನ ಹಿಂದೆ ಒಂದು ಖಾಲಿ ಕೋಣೆಯಿತ್ತು. ಸ್ಪ್ರೇ ಔಷಧಿಯನ್ನೆಲ್ಲ ಅಲ್ಲಿಗೆ ಸಾಗಿಸಿ, ಅಂಗಡಿಯಲ್ಲಿ ಗೊಬ್ಬರ, ಸಲಕರಣೆ ಮಾತ್ರ ಇಡಬೇಕೆಂದಿದ್ದೆ. ಯಾಕೆ ಎಂದು ಕೇಳಿಯೇ ಕೇಳುತ್ತಾನೆ. ಗಂಟಲು ಸರಿಮಾಡಿಕೊಂಡು ಹೇಳಿದೆ.

"ರಫೀಕ್, ಯಾರಿಗೂ ಹೇಳಿಲ್ಲ ಇದುವರೆಗೆ. ನಂಗೆ ಉಬ್ಬಸ ಮಾರಾಯ."

ಅವನು ಕೈಯ ಗ್ರೀಸ್ ಒರೆಸಿಕೊಂಡ. "ಗೊತ್ತು ಅಣ್ಣ. ಇಂಜಿನ್ ಸೌಂಡ್ ಕೇಳೇ ನಾನು ಹೊಟ್ಟೆ ಹೊರೆಯೋದು. ಒಂಬತ್ತನೇ ಮೆಟ್ಲಲ್ಲಿ ನಿಂತು ಯಾವ ಬಸ್ ನೋಡ್ತಿದ್ರಿ? ಆ ಹೊತ್ತಿಗೆ ಬಸ್ಸೇ ಇಲ್ಲ. ಊರಿಗೆಲ್ಲ ಗೊತ್ತು."

ನನ್ನ ಗುಟ್ಟು ಇಡೀ ಆಲ್ದೂರಿಗೆ ಗೊತ್ತಿತ್ತು! ಯಾರಿಗೂ ಗೊತ್ತಾಗದಂತೆ ಕಾಪಾಡಿಕೊಂಡ ಗುಟ್ಟೆಂದರೆ ಅವಳದೊಂದೇ.

ಎರಡು ದಿನ ಬೇಕಾಯಿತು ಔಷಧಿ ಸಾಗಿಸಲು. ಕಡೆಯ ಪೆಟ್ಟಿಗೆ ಹೋದ ಮೇಲೆ ಅವಳ ಹಸಿರು ಪೆನ್ನು ಕೇಳಿ ಇಸಿದುಕೊಂಡು, "ಇದು ಹೇಗೆ?" ಎಂಬುದರ ಪಕ್ಕದಲ್ಲಿ ನಾನೇ ಗುರುತು ಹಾಕಿದೆ. ಅವಳು ಚೀಟಿಯನ್ನು ಮತ್ತೆ ಜಾಡಿಯ ಹಿಂದೆ ಗೋಡೆಗೆ ಒರಗಿಸಿದಳು. ಆಮೇಲೆ ತೊಳೆದಿಟ್ಟ ಹಾಲಿನ ಕವರುಗಳ ಕಡೆ ತಿರುಗಿ ಕೇಳಿದಳು.

"ಚೀಟಿ ಮುಗೀತಲ್ಲ. ಇನ್ನು ಇದನ್ನೆಲ್ಲ ಬಿಡ್ಲಾ?"

"ಬೇಡ" ಎಂದೆ. "ಭೂಮಿ ಏನು ತಪ್ಪು ಮಾಡಿತ್ತು, ಪಾಪ."

ಕವರುಗಳನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಗೆ ಹೋಗಿ ಹಗ್ಗಕ್ಕೆ ಸಿಕ್ಕಿಸಿದೆ. ಕೆಳಗಿನಿಂದ ರಫೀಕ್ ಎಣಿಸುತ್ತಿದ್ದ. ಅಂದು ಐದಿದ್ದವು.