ಕಾಕಾನ ನಿರುದ್ಯೋಗಕ್ಕೊಂದು ಸರಕಾರಿ ಶಿಕ್ಕಾ

ನಮ್ಮ ಕಾಕಾ ಸೋಮಾರಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಕಾಗವಾಡದಿಂದ ಅಥಣಿಯವರೆಗೆ ಹರಡಿರುವ ಬಳಗವೂ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು: ಹತ್ತು ಜನ ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಂತಲ್ಲ, ಒಬ್ಬ ಹೇಳಿದ್ದನ್ನು ಉಳಿದವರು ಕೇಳಿಸಿಕೊಂಡಿದ್ದಾರೆ ಎಂದಷ್ಟೇ ಅರ್ಥ. ನನ್ನ ವಾದ ಬೇರೆ. ನಿರುದ್ಯೋಗಿ ಅನ್ನಿಸಿಕೊಳ್ಳಲು ನಮ್ಮ ಕಾಕಾ ಪಟ್ಟಷ್ಟು ಶ್ರಮವನ್ನು ನಮ್ಮ ಸೀಮೆಯಲ್ಲಿ ಉದ್ಯೋಗವಿದ್ದ ಯಾರೂ ಪಟ್ಟಿಲ್ಲ!

ಎಂಬತ್ತರ ದಶಕದ ಕೊನೆಯ ಮಾತು. ಕಾಕಾ ಬಿ.ಎ. ಮುಗಿಸಿ ಕೆಲವು ವರ್ಷಗಳಾಗಿದ್ದವು. ಮನೆಗೆ ದ್ರಾಕ್ಷಿ ತೋಟವಿತ್ತು, ಆದರೆ ಅಲ್ಲಿ ಅವನು ಕೈಯಾಡಿಸುವಂತಿರಲಿಲ್ಲ. ಮನೆತನದ ಮೊದಲ ಪದವೀಧರನ ಕೈಗೆ ಮಣ್ಣು ಹತ್ತಬಾರದು ಎಂಬುದು ಅವನ ಅಣ್ಣನ, ಅಂದರೆ ನಮ್ಮ ಅಪ್ಪನ, ಕಟ್ಟಪ್ಪಣೆ. ಕಾಕಾ ಕತ್ತರಿ ಹಿಡಿದು ಬಳ್ಳಿಯ ಹತ್ತಿರ ಹೋದರೆ ಅಪ್ಪ ಕಿತ್ತುಕೊಳ್ಳುತ್ತಿದ್ದ.

"ನೀ ಸಾಹೇಬ ಆಗಾಂವ. ಹೋಗ, ಪೇಪರ್ ಓದ ಹೋಗ."

ಕಾಕಾ ಹೋಗಿ ಪೇಪರ್ ಓದುತ್ತಿದ್ದ. ಊಟಕ್ಕೆ ಕೂತಾಗ ಅದೇ ಅಪ್ಪ, "ಈ ಮನ್ಯಾಗ ಒಬ್ಬಾಂವ ದುಡೀಬೇಕು, ಒಬ್ಬಾಂವ ಪೇಪರ್ ಓದಬೇಕು" ಎನ್ನುತ್ತಿದ್ದ. ಸ್ಪರ್ಧೆಯಲ್ಲಿ ಹೀಗೆ ವಾದಿಸಿದರೆ ಗಂಟೆ ಬಾರಿಸಿ ಕೆಳಗಿಳಿಸುತ್ತಾರೆ. ನಮ್ಮ ಮನೆಯಲ್ಲಿ ಗಂಟೆ ದೇವರ ಮುಂದೆ ಮಾತ್ರ ಇತ್ತು.

ಆಗ ಬಂತು ಸುದ್ದಿ. ಕೆಲಸ ಸಿಗದ ಪದವೀಧರರಿಗೆ ಸರಕಾರ ಭತ್ಯೆ ಕೊಡುತ್ತದಂತೆ, ಚಿಕ್ಕೋಡಿಯ ಕಚೇರಿಯಲ್ಲಿ ಅರ್ಜಿ ಹಾಕಬೇಕಂತೆ. ಕಾಕಾ ಹಾಕಿಯೇಬಿಟ್ಟ. ಎಷ್ಟು ಕೊಡುತ್ತಾರೆ ಎಂದು ನಾನು ಕೇಳಿದೆ.

"ಅದನ್ನ ಕೇಳೇ ಇಲ್ಲ, ವಕೀಲಬಾಯಿ," ಎಂದ. ನನ್ನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ. "ಕೆಲಸ ಮಾಡವಲ್ಲ ಅನ್ನೂದ ಬ್ಯಾರೆ, ಕೆಲಸ ಸಿಗವಲ್ದು ಅನ್ನೂದ ಬ್ಯಾರೆ. ಭತ್ಯೆ ಮಂಜೂರಾತಂದ್ರ ಸರಕಾರನ ಎರಡನೇದ್ದಕ್ಕ ಶಿಕ್ಕಾ ಹೊಡದಂಗ. ಆಮ್ಯಾಲೆ ನಿಮ್ಮಪ್ಪ ನನ್ನ ಸೋಮಾರಿ ಅನ್ಲಿ, ನೋಡೂಣು."

ಎಂಥ ಪೂರ್ವಪಕ್ಷ, ಎಂಥ ಸಿದ್ಧಾಂತ! ನಾನು ಆ ಕ್ಷಣದಿಂದ ಅವನ ಪಕ್ಷ.

ಅರ್ಜಿ ಏನಾಯಿತು ಎಂದು ವಿಚಾರಿಸಲು ಕಾಕಾ ಮೇಲಿಂದ ಮೇಲೆ ಚಿಕ್ಕೋಡಿಗೆ ಹೋಗತೊಡಗಿದ. ಹೋಗುವ ಠೀವಿ ನೋಡಬೇಕಿತ್ತು. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಕೈಯಲ್ಲಿ ಊಟದ ಡಬ್ಬಿ. ಬಸ್ಸಿನ ಕಂಡಕ್ಟರ್ ಅವನನ್ನು ಆ ಕಚೇರಿಯ ನೌಕರನೆಂದೇ ತಿಳಿದು, "ಸಾಹೇಬ್ರ, ನಮ್ಮ ಹುಡುಗಂದೊಂದ ಅರ್ಜಿ ನೋಡ್ರೆಲಾ" ಎಂದು ಕೈ ಮುಗಿದ. ಕಾಕಾ ನೋಡಿದ. ಆಮೇಲೆ ವರಾಂಡದಲ್ಲಿ ಕೂತವರ ಅರ್ಜಿಗಳನ್ನೂ ತುಂಬಿಕೊಟ್ಟ. ಗುಮಾಸ್ತರು ಚಹಾಕ್ಕೆ ಹೋಗುವಾಗ "ಇಲ್ಲೇ ಸ್ವಲ್ಪ ಕೂಡ್ರಿ" ಎಂದು ಅವನನ್ನೇ ತಮ್ಮ ಕುರ್ಚಿಯಲ್ಲಿ ಕೂರಿಸಿ ಹೋಗುವಷ್ಟು ಬಳಕೆಯಾಯಿತು. ಅವನು ಅರ್ಜಿ ತುಂಬಿಕೊಟ್ಟವರಲ್ಲಿ ಕೆಲವರು ಕೆಲಸಕ್ಕೂ ಸೇರಿದರು. ಸೇರದೆ ಉಳಿದವನು ಯಾರು? ಹೇಳಬೇಕಿಲ್ಲ.

ಅಂತೂ ವಿಚಾರಣೆಯ ದಿನ ಬಂತು. ಗುಮಾಸ್ತರು ಕೇಳಿದರು, "ಸದ್ಯ ಹೆಂಗ ನಡದೈತ್ರಿ?"

ನಮ್ಮ ಕಡೆ ಪರರು ಹೀಗೆ ಕೇಳಿದರೆ ಉತ್ತರ ಒಂದೇ. ಮನೆಗೆ ಬೆಂಕಿ ಬಿದ್ದಿದ್ದರೂ ಅದೇ ಉತ್ತರ. ಕಾಕಾ ನಗುತ್ತ ಅದನ್ನೇ ಕೊಟ್ಟ: "ನಿಮ್ಮ ಆಶೀರ್ವಾದ್ರಿ. ಎಲ್ಲಾ ಭೇಷಿ ಐತಿ."

"ಎಲ್ಲಾ ಭೇಷಿದ್ರ ಭತ್ಯೆ ಯಾಕ್ರಿ?"

ಕಾಕಾ ಚೀಲ ಬಿಚ್ಚಿದ. ಬರಿಗೈಯಲ್ಲಿ ಯಾರ ಬಳಿಯೂ ಹೋಗಬಾರದು ಎಂಬುದು ನಮ್ಮ ಮನೆಯ ರೂಢಿ. ಅದಕ್ಕೆ ಸರಕಾರಿ ಕಚೇರಿ, ಬೀಗರ ಮನೆ ಎಂಬ ಭೇದವಿಲ್ಲ. ಮೇಜಿನ ಮೇಲೆ ದ್ರಾಕ್ಷಿ ಗೊಂಚಲು ಹರಡಿದವು. ಗುಮಾಸ್ತರು ಒಂದು ಕಾಳು ಬಾಯಿಗೆ ಹಾಕಿಕೊಂಡರು.

"ಸಕ್ಕರಿ ಆಗ್ಯಾವಲ್ರಿ! ಯಾವ ಪ್ಯಾಟ್ಯಾಗ ಸಿಕ್ಕವು?"

"ಪ್ಯಾಟಿದ್ದಲ್ರಿ," ಎಂದ ಕಾಕಾ ಎದೆಯುಬ್ಬಿಸಿ. "ನಮ್ಮ ತ್ವಾಟದ್ದು."

ಗುಮಾಸ್ತರ ಕೈ ಗೊಂಚಲಿನ ಮೇಲೆಯೇ ನಿಂತಿತು. ತೋಟವಿದ್ದವನು ನಿರುದ್ಯೋಗಿ ಹೇಗಾದಾನು? ಆದರೂ ಒಳ್ಳೆಯ ಮನುಷ್ಯ, ದಾರಿ ತೋರಿಸಿದರು: "ನಿಮ್ಮ ಅಣ್ಣಾರನ್ನ ಕರಕೊಂಡ ಬರ್ರಿ. ತ್ವಾಟದಾಗ ಇವಂಗ ಕೆಲಸ ಇಲ್ಲ ಅಂತ ಅವರ ಬಾಯಿಲೆ ಹೇಳ್ಲಿ. ಸಾಕು."

ಇದಕ್ಕಿಂತ ಸುಲಭದ್ದೇನಿದೆ? ದಿನಾ ಊಟದ ಹೊತ್ತಿಗೆ ಹೇಳುವ ಮಾತನ್ನೇ ಒಂದು ಸಲ ಚಿಕ್ಕೋಡಿಯಲ್ಲಿ ಹೇಳಬೇಕು! ಅಪ್ಪ ಗೊಣಗುತ್ತಲೇ ಹೊರಟ. ನಾನೂ ಜೊತೆಗೆ ಹೋದೆ. ಬಸ್ಸಿನುದ್ದಕ್ಕೂ ಪಾಠ ಮಾಡಿದೆ: "ಅಪ್ಪಾ, 'ಇಲ್ರಿ' ಅನ್ನು. ಮುಂದ ಒಂದ ಮಾತೂ ಆಡಬ್ಯಾಡ."

"ನನಗ ಕಲಸಾಕ ಬರ್ತಿಯೇನ?" ಎಂದ.

ಕಚೇರಿಯಲ್ಲಿ ಗುಮಾಸ್ತರು ಕೇಳಿದರು, "ತ್ವಾಟದಾಗ ನಿಮ್ಮ ತಮ್ಮಗ ಏನೂ ಕೆಲಸ ಇಲ್ಲ, ಹೌದಲ್ರಿ?"

ಬೆಂಚಿನ ಮೇಲಿದ್ದ ಮಂದಿ ತಿರುಗಿ ಕಾಕಾನನ್ನು ನೋಡಿದರು. ಕಾಕಾ ತಲೆ ತಗ್ಗಿಸಿದ. ಅಪ್ಪ ಅದನ್ನು ನೋಡಿದ. ಟೊಪ್ಪಿಗೆ ಸರಿಮಾಡಿಕೊಂಡ.

"ಯಾರ ಹೇಳಿದ್ರಿ? ತ್ವಾಟ ಅರ್ಧ ಅವಂದ. ಖರೇ ಹೇಳಬೇಕಂದ್ರ ಪೂರಾ ಅವಂದ. ನಾ ಬರೇ ನೀರ ಹಾಯಸಾಂವ."

"ಅಂದ್ರ ಇವರು ಮಾಲಕರು?"

"ಮತ್ತ?"

ಗುಮಾಸ್ತರು ಎದ್ದು ನಿಂತು ಕಾಕಾನಿಗೆ ಕೈ ಮುಗಿದರು. "ಮಾಲಕ್ರ, ನಿಮ್ಮ ಅರ್ಜಿ ನಾಮಂಜೂರ್ರಿ."

ಮರಳುವ ಬಸ್ಸಿನಲ್ಲಿ ನಾನು ಅಪ್ಪನನ್ನು ಬಿಡಲಿಲ್ಲ. ಗೆದ್ದ ವಾದವನ್ನು ಕೊನೆಯ ನಿಮಿಷದಲ್ಲಿ ಕೆಡಿಸಿದವನನ್ನು ಬಿಡುವುದುಂಟೆ? ಕೊನೆಗೆ ಅಪ್ಪ ಅಂದ: "ಅಷ್ಟ ಮಂದ್ಯಾಗ, ನನ್ನ ತಮ್ಮ ಕೆಲಸಿಲ್ಲದಾಂವ ಅಂತ ನಾ ಹ್ಯಾಂಗ ಹೇಳ್ಲಿ?"

ನನ್ನ ಹತ್ತಿರ ಮರುವಾದವಿತ್ತು. ಹೇಳಬೇಕೆಂದು ಕಾಕಾನ ಕಡೆ ತಿರುಗಿದೆ. ಸೋತವನ ಮುಖ ಅದಾಗಿರಲಿಲ್ಲ. ಕಣ್ಣು ತುಂಬಿದ್ದವು, ತುಟಿಯಲ್ಲಿ ನಗುವಿತ್ತು. ರಾಯಬಾಗ ದಾಟಿದ ಮೇಲೆ ಅವನು ಅಪ್ಪನ ಕಡೆಗೆ ಬಾಗಿ, ನನಗೂ ಕೇಳಿಸಬಾರದೆಂಬಷ್ಟು ಮೆಲ್ಲಗೆ ಕೇಳಿದ:

"ಅಣ್ಣಾ, ಈ ಮಾತ ಮನ್ಯಾಗ ಯಾಕ ಒಮ್ಮೀನೂ ಹೇಳಲಿಲ್ಲ?"