ನೂರರ ಒಳಗೆ

ಗೌರೀಶಂಕರನ ಅಂದಿನ ಪೇಚಾಟಕ್ಕೆಲ್ಲ ಮೂಲ ಒಂದು ದೊನ್ನೆ ಸಜ್ಜಿಗೆ.

ಮೂರು ತಿಂಗಳ ಹಿಂದೆ ಡಾಕ್ಟರಮ್ಮ ಅವನ ತೂಕ ನೂರ ನಾಲ್ಕು ಕೆಜಿ ಎಂದು ಬರೆದುಕೊಂಡಿದ್ದರು. ಬಿ.ಪಿ. ಏರಿದೆ, ಸಕ್ಕರೆ ಅಂಚಿಗೆ ಬಂದು ನಿಂತಿದೆ, ಮಂಡಿ ಸವೆಯುತ್ತಿದೆ. ಶ್ರಾವಣದ ಮೊದಲ ಶನಿವಾರದ ಹೊತ್ತಿಗೆ ನೂರರ ಒಳಗೆ ಬಂದರೆ ಸರಿ, ಇಲ್ಲದಿದ್ದರೆ ಮಾತ್ರೆ ಶುರು ಎಂದಿದ್ದರು. ಗೌರೀಶಂಕರನ ಅಪ್ಪ ಮಾತ್ರೆಯ ಡಬ್ಬಿ ಜೇಬಿನಲ್ಲಿಟ್ಟುಕೊಂಡೇ ಐವತ್ತೆರಡಕ್ಕೆ ಹೋಗಿದ್ದರು. ಇವನಿಗೀಗ ನಲವತ್ತೊಂದು. ಅಂದಿನಿಂದ ತಟ್ಟೆಯ ಅನ್ನ ಅರ್ಧವಾಯಿತು, ಆಫೀಸಿನ ನಾಲ್ಕು ಗಂಟೆಯ ಬಜ್ಜಿ ನಿಂತಿತು, ಪಾರ್ಕಿನಲ್ಲಿ ದಿನಾ ಮುಕ್ಕಾಲು ಗಂಟೆ ನಡಿಗೆ ಶುರುವಾಯಿತು. ಮೊದಲು ಬೊಗಳುತ್ತಿದ್ದ ಪಾರ್ಕಿನ ನಾಯಿಗಳು ಈಗ ಅವನ ಜೊತೆಗೇ ಒಂದು ಸುತ್ತು ಬಂದು ಮಲಗುತ್ತಿದ್ದವು.

ಆ ಶನಿವಾರ ಬೆಳಗ್ಗೆ, ತೂಕ ನೋಡುವವರೆಗೆ ಹನಿ ನೀರೂ ಬೇಡವೆಂದು ತಾನೇ ತೀರ್ಮಾನಿಸಿ, ಇದ್ದುದರಲ್ಲೇ ತೆಳುವಾದ ಅಂಗಿ ಹಾಕಿಕೊಂಡು, ವಾಚನ್ನೂ ಬಿಚ್ಚಿಟ್ಟು ಹೊರಟ. ತಾಯಿ ಸೀತಮ್ಮ ದೇವರ ಮನೆಯಿಂದಲೇ, "ತೂಕ ಸರಿಯಾಗಿ ಕೇಳ್ಕೊಂಡು ಬಾರೋ" ಎಂದರು. ಹಿಂದಿನ ನೂರ ನಾಲ್ಕನ್ನು ಅವರೇ ಕ್ಯಾಲೆಂಡರಿನ ಮೇಲೆ ಬರೆದು ಕುಂಕುಮ ಇಟ್ಟಿದ್ದರು. ಏಕೆಂದು ಅವನು ಕೇಳಿರಲಿಲ್ಲ.

ಗೇಟಿನ ಬಳಿ ಪಕ್ಕದ ಮನೆಯ ರುದ್ರಮ್ಮ ದೊನ್ನೆ ಹಿಡಿದು ನಿಂತಿದ್ದರು. ತುಪ್ಪ ಅಂಚಿನಿಂದ ಇಳಿಯುತ್ತಿತ್ತು.

"ಆಮೇಲೆ ತಿಂತೀನಿ ಆಂಟಿ."

"ಪ್ರಸಾದಕ್ಕೆ ಆಮೇಲೆ ಅಂತಾರೇನಪ್ಪ? ಚೀಲ ತರ್ತೀನಿ ಇರು."

ಆ ಚೀಲವೇ ಮುಳುವಾಯಿತು. ಕೈಯಲ್ಲಿ ಚೀಲವಿರುವ ಮನುಷ್ಯ ಪ್ರಸಾದಕ್ಕೇ ಹೊರಟವನೆಂದು ಬೀದಿಗೆ ಬೀದಿಯೇ ತಿಳಿದುಕೊಂಡಿತು. ಒಂದು ಮನೆಯಿಂದ ಪುಳಿಯೋಗರೆ ಬಂತು, ಇನ್ನೊಂದರಿಂದ ಪೊಂಗಲ್ ಡಬ್ಬಿ. ಬಸ್ ಸ್ಟಾಪಿನಲ್ಲಿ ಗುರುತೇ ಇಲ್ಲದ ಹೆಂಗಸೊಬ್ಬಳು ಒಂದು ಚಿಪ್ಪು ಬಾಳೆಹಣ್ಣು, ನಾಲ್ಕು ಹೋಳು ತೆಂಗಿನಕಾಯಿ ಹಾಕಿದಳು. ಬನಶಂಕರಿಯಲ್ಲಿ ಇಳಿಯುವಾಗ ಗೌರೀಶಂಕರ ತನ್ನ ಕರಗಿದ ಹೊಟ್ಟೆಯನ್ನು ಕೈಯಲ್ಲಿ ತೂಗಾಡಿಸಿಕೊಂಡು ಬಂದವನಂತೆ ಕಾಣುತ್ತಿದ್ದ.

ಕ್ಲಿನಿಕ್ಕಿನಲ್ಲಿ ಚೀಲ ಇಡಲು ಜಾಗವಿರಲಿಲ್ಲ. ಕುರ್ಚಿಗಳೆಲ್ಲ ತುಂಬಿದ್ದವು. ಚಪ್ಪಲಿ ಓಡಾಡುವ ನೆಲದ ಮೇಲೆ ಪ್ರಸಾದ ಇಡುವುದು ಹೇಗೆ? ಪಕ್ಕದಲ್ಲಿ ಕೂತಿದ್ದ ಪಿಳ್ಳಪ್ಪ ಎಂಬ ಮುದುಕರ ಮಡಿಲಿಗೆ ಚೀಲವಿಟ್ಟು, "ಪ್ರಸಾದ ಅಂಕಲ್, ಸ್ವಲ್ಪ" ಎಂದು ಚೀಟಿ ಬರೆಸಲು ಹೋದ. ತಿರುಗಿ ಬರುವಷ್ಟರಲ್ಲಿ ಪಿಳ್ಳಪ್ಪ ಸಜ್ಜಿಗೆಯ ದೊನ್ನೆ ನೆಕ್ಕುತ್ತಿದ್ದರು.

ನರ್ಸ್ ಕಲ್ಯಾಣಿ ಓಡಿ ಬಂದಳು. "ಖಾಲಿ ಹೊಟ್ಟೇಲಿ ಶುಗರ್ ಟೆಸ್ಟ್‌ಗೆ ಬಂದಿರೋರು ಸಾರ್ ಇವ್ರು. ನಿಮಗೆ ತಿನ್ನೋ ಚಪಲ ಇದ್ರೆ ಊರಿಗೆಲ್ಲ ಹಂಚ್ಬೇಕಾ?"

"ಅವ್ರೇ ಕೊಟ್ಟಿದ್ದು ಕಣಮ್ಮ," ಎಂದರು ಪಿಳ್ಳಪ್ಪ, ಬೆರಳು ಚೀಪುತ್ತ.

ಕೂತವರೆಲ್ಲ ಗೌರೀಶಂಕರನ ಹೊಟ್ಟೆಯನ್ನೊಮ್ಮೆ ಚೀಲವನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಅವನ ಹೆಸರು ಕೂಗಿದರು. ಗಾಬರಿಯಲ್ಲಿ ಚೀಲ ಕಿತ್ತುಕೊಂಡು ಒಳಗೆ ಹೋಗಿ ಯಂತ್ರ ಹತ್ತಿದ. ನೂರ ಒಂದು.

ಡಾಕ್ಟರಮ್ಮ ಪೆನ್ನು ತೆಗೆದರು. "ಮಾತ್ರೆ ಬರೀತೀನಿ."

"ಮೇಡಂ, ಚೀಲ."

"ಕೆಳಗಿಡಿ ಮತ್ತೆ."

"ಪ್ರಸಾದ ಮೇಡಂ. ನೆಲದ ಮೇಲೆ ಇಡೋ ಹಾಗಿಲ್ಲ."

ಡಾಕ್ಟರಮ್ಮ ಒಂದು ಕ್ಷಣ ಅವನನ್ನೇ ನೋಡಿ, ಎದ್ದು ಬಂದು ಎರಡೂ ಕೈ ಚಾಚಿದರು. ಚೀಲ ಕೈ ಬದಲಾಯಿಸಿತು. ತೊಂಬತ್ತೆಂಟು.

"ಆರು ಕೆಜಿ ಇಳಿಸಿದೀರ. ಬಿ.ಪಿ.ನೂ ಇಳಿದಿರತ್ತೆ, ನೋಡೋಣ ಕೂತ್ಕೊಳ್ಳಿ." ಬಿ.ಪಿ. ಇಳಿದೂ ಇತ್ತು. ಮಾತ್ರೆ ಬೇಡವೆಂದರು. ತಿಂಗಳು ಬಿಟ್ಟು ಮತ್ತೆ ಬರಬೇಕು, ನೂರು ದಾಟಿದರೆ ಮಾತ್ರ ಮಾತಿಲ್ಲದೆ ಮಾತ್ರೆ ಎಂದರು.

ಗೌರೀಶಂಕರ ಚೀಲವನ್ನು ಪಿಳ್ಳಪ್ಪನವರಿಗೇ ಕೊಟ್ಟು, ಬಸ್ಸನ್ನೂ ಬಿಟ್ಟು ಮನೆಯವರೆಗೆ ನಡೆದ.

ಮನೆಯ ಮುಂದೆ ಗೂಡ್ಸ್ ಆಟೋ ನಿಂತಿತ್ತು. ಒಳಗೆ ನಡುಮನೆಯ ತುಂಬ ಬೆಲ್ಲದ ಅಚ್ಚುಗಳು, ರುದ್ರಮ್ಮ ಎಣಿಸುತ್ತಿದ್ದರು.

"ಎಷ್ಟು ಬಂತೋ?" ಎಂದರು ಸೀತಮ್ಮ.

"ತೊಂಬತ್ತೆಂಟು."

ಸೀತಮ್ಮ ದೇವರ ಮನೆಯ ಕಡೆ ಕೈ ಮುಗಿದರು. ಮರುಕ್ಷಣವೇ ಮುಖ ಬಾಡಿ ಬೆಲ್ಲದ ಪಕ್ಕ ಕೂತುಬಿಟ್ಟರು. "ನೀನು ನೂರರ ಒಳಗೆ ಬಂದ್ರೆ ನಿನ್ನ ತೂಕದಷ್ಟು ಬೆಲ್ಲ ತುಲಾಭಾರ ಮಾಡಿಸ್ತೀನಿ ಅಂತ ಹರಕೆ ಹೊತ್ತಿದ್ದೆ ಕಣೋ. ನೂರ ನಾಲ್ಕು ಕೆಜಿ ಅಂತ ದೇವರ ಮುಂದೆ ಬಾಯಿಬಿಟ್ಟು ಹೇಳಿದೀನಿ."

"ಆರು ಕೆಜಿ ತೆಗೆದಿಟ್ರೆ ಆಯ್ತಲ್ಲಮ್ಮ."

"ದೇವರಿಗೆ ಕೊಟ್ಟಿದ್ದನ್ನ ವಾಪಸ್ ತೆಗೀತಾರೇನೋ?"

"ಹಾಗಾದ್ರೆ ಒಂದು ಚೀಲ ಹಿಡ್ಕೊಂಡು ತಕ್ಕಡೀಲಿ ಕೂರ್ತೀನಿ."

ರುದ್ರಮ್ಮ ಎಣಿಕೆ ನಿಲ್ಲಿಸಿ ತಲೆ ಎತ್ತಿದರು. "ಡಾಕ್ಟರ್‌ಗಾದ್ರೆ ಮೋಸ ಮಾಡ್ಬಹುದಪ್ಪ, ದೇವರಿಗೆ ಮಾಡ್ತೀಯಾ? ತಕ್ಕಡಿ ಸಮ ನಿಲ್ಲಬೇಕು. ತುಲಾಭಾರ ಇರೋದು ಶ್ರಾವಣದ ಕೊನೇ ಶನಿವಾರ. ಇನ್ನೂ ಮೂರು ವಾರ ಇದೆ. ಆರು ಕೆಜಿ ಏನ್ ಮಹಾ."

ಸೀತಮ್ಮ ಕಣ್ಣೊರೆಸಿಕೊಂಡು ಎದ್ದು ಅಡುಗೆಮನೆಗೆ ಹೋದರು. ಮೂರು ತಿಂಗಳಲ್ಲಿ ಮೊದಲ ಬಾರಿ ಅವನ ತಟ್ಟೆಗೆ ಪೂರ್ತಿ ಅನ್ನ ಬಿತ್ತು.