ನಾಮಫಲಕದ ಬಲಗಡೆಯ ಅಕ್ಷರಗಳ ಕುರಿತು ಯಂತ್ರಮಹೋದಯರಿಗೆ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ ವಿರಾಜಮಾನರಾಗಿರುವ, ಲೋಹದ ಮೇಲೆ ಅಕ್ಷರ ಕೊರೆಯುವ ಸಿಎನ್‌ಸಿ ರೂಟರ್ ಎಂಬ ನಾಮಧೇಯವುಳ್ಳ ಮಾನ್ಯರೇ,

ತಮ್ಮ ಮೂರು ಮೋಟಾರುಗಳಿಗೂ, ತಲೆಕೆಳಗಾಗಿ ನೇತಾಡುತ್ತಲೇ ಕರ್ತವ್ಯನಿರತವಾಗಿರುವ ತಮ್ಮ ಕೊರೆಸೂಜಿಗೂ ಭಗವಂತನು ಸಕಲ ಕ್ಷೇಮವನ್ನು ಕರುಣಿಸಲೆಂದು ಹಾರೈಸಿ, ಈ ಮನೆಯ ಯಜಮಾನನೆಂದು ತೀರ ಇತ್ತೀಚಿನವರೆಗೆ ಭಾವಿಸಿಕೊಂಡಿದ್ದ ನಾನು ಈ ಬಿನ್ನಹವನ್ನು ಬರೆಯುತ್ತಿದ್ದೇನೆ. ಮುಖತಃ ಅರಿಕೆ ಮಾಡಿಕೊಳ್ಳೋಣವೆಂದರೆ, ತಾವು ಕೆಲಸದಲ್ಲಿರುವಾಗ ನನ್ನ ಮಾತು ನನಗೇ ಕೇಳಿಸದು; ಬಿಡುವಿನಲ್ಲಿರುವಾಗ ತಮಗೆ ಕೇಳಿಸದು. ಆದಕಾರಣ ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ತಮ್ಮ ಅವತಾರದ ಕಾರಣವನ್ನು ಮೊದಲು ಸ್ಮರಿಸುತ್ತೇನೆ. ನಲವತ್ತೊಂದು ವರ್ಷಗಳಿಂದ ನಮ್ಮ ಬಾಗಿಲ ಮೇಲೆ ನನ್ನದೊಂದೇ ಹೆಸರಿತ್ತು. ಒಂದು ದಿನ ನನ್ನ ಪತ್ನಿ ಬಟ್ಟೆ ಮಡಿಸುತ್ತ, ಯಾರಿಗೂ ಅಲ್ಲವೆಂಬಂತೆ, “ಮನೆ ಒಳಗಡೆ ನನ್ನದಂತೆ, ಹೊರಗಡೆ ನಿಮ್ಮದಂತೆ” ಎಂದಳು. ಸಮದೃಷ್ಟಿಯ ಮಹಿಮೆಯನ್ನು ಕುರಿತು ಕಂಡಕಂಡವರಿಗೆ ಉಪನ್ಯಾಸ ಮಾಡುವ ನನಗೆ ಆ ಮಾತು ನಾಟಿತು. ಇಬ್ಬರ ಹೆಸರೂ ಇರುವ ಹಿತ್ತಾಳೆಯ ಫಲಕವನ್ನು ಹಾಕಿಸುವೆನೆಂದು ದೇವರ ಮುಂದೆ ನಿಂತು ಮಾತು ಕೊಟ್ಟೆ. ಪೇಟೆಯಲ್ಲಿ ಅರ್ಧ ದಿನದ ಕೆಲಸವದು. ಅಷ್ಟರಲ್ಲಿ ಮಗಳ ಕೈಹಿಡಿದ ನನ್ನ ಅಳಿಯಂದಿರು, “ಅದನ್ನ ಹೊರಗೆ ಯಾಕೆ ಕೊಡ್ತೀರಿ ಮಾವ, ನಾವೇ ಒಂದು ಮಷೀನು ಕಟ್ಟಿದರಾಯ್ತಲ್ಲ” ಎಂದರು. ಆ ವಾಕ್ಯಕ್ಕೆ ಈಗ ಹನ್ನೊಂದು ತಿಂಗಳು ತುಂಬಿದೆ.

ತಮ್ಮ ಸುಖಸಂಚಾರಕ್ಕೆಂದು ನನ್ನ ಪತ್ನಿಯ ಕಪಾಟಿನ ಡ್ರಾಯರುಗಳ ಹಳಿಗಳು ಸಮರ್ಪಿತವಾದವು. ಅಂದಿನಿಂದ ಆ ಡ್ರಾಯರುಗಳು ಎಳೆದರೆ ಬರುವುದಿಲ್ಲ, ಬಂದರೆ ನೇರ ಪಾದದ ಮೇಲೆಯೇ ಬರುತ್ತವೆ. ಯಾವುದೋ ಕಚೇರಿಯವರು ಎಸೆದ ಪ್ರಿಂಟರುಗಳ ಹೊಟ್ಟೆ ಸೀಳಿ ತಮ್ಮ ಮೋಟಾರುಗಳನ್ನು ತೆಗೆದದ್ದಾಯಿತು. ಮೊದಲ ಬಾರಿ ಚಲಿಸಿದ ದಿನ ತಾವು ಹಿತ್ತಾಳೆಯನ್ನು ಬಿಟ್ಟು ಮೇಜನ್ನು ಕೊರೆದಿರಿ. ಅಳಿಯಂದಿರು ಅದನ್ನು ಪ್ರಗತಿಯೆಂದು ಬಣ್ಣಿಸಿದರು. ಮುಂದೆ ತಾವು ಹಾರಿಸಿದ ಲೋಹದ ಪುಡಿ ಒಗೆದು ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕುಳಿತು, ನಾನು ಬನಿಯನ್ನಿನಲ್ಲಿಯೂ ತೇಜಸ್ವಿಯಾಗಿ ಕಾಣತೊಡಗಿದೆ. ಅರ್ಧ ಶತಮಾನದ ಜಪತಪಗಳು ಕೊಡದ ಕಾಂತಿಯನ್ನು ಒಂದೇ ಮಧ್ಯಾಹ್ನದಲ್ಲಿ ದಯಪಾಲಿಸಿದ ತಮಗೆ ನಾನು ಋಣಿ. ಮೈಕಡಿತವೊಂದೇ ಸ್ವಲ್ಪ ಹೆಚ್ಚು.

ಇನ್ನು ಫಲಕದ ವಿಚಾರ. ಎಡಗಡೆ ನನ್ನ ಹೆಸರು, ಅದೇ ಸಾಲಿನಲ್ಲಿ ಬಲಗಡೆ ಆಕೆಯ ಹೆಸರು ಎಂದು ನಿಶ್ಚಯವಾಗಿತ್ತು. ತಾವು ನನ್ನ ಮೊದಲ ಅಕ್ಷರವನ್ನು ಬಾವಿ ತೋಡಿದಂತೆ ತೋಡಿ, ಬಲಕ್ಕೆ ಸರಿದಂತೆಲ್ಲ ಉತ್ಸಾಹ ಕಳೆದುಕೊಂಡು, ಆಕೆಯ ಹೆಸರಿಗೆ ಬರುವಷ್ಟರಲ್ಲಿ ಲೋಹವನ್ನು ಸುಮ್ಮನೆ ಸವರಿ ಕೈತೊಳೆದುಕೊಂಡಿರಿ. “ನಿಮ್ಮದು ಶಾಸನ, ನನ್ನದು ಬೆಕ್ಕು ಪರಚಿದ್ದು” ಎಂದಳು ಆಕೆ. ಫಲಕವನ್ನಿಡುವ ಹಲಗೆ ಬಲಗಡೆ ಕೂದಲೆಳೆಯಷ್ಟು ತಗ್ಗಿದೆ, ಸೂಜಿ ಅಲ್ಲಿಗೆ ಮುಟ್ಟುತ್ತಿಲ್ಲ ಅತ್ತೆ, ಎಂದು ಅಳಿಯಂದಿರು ವಿವರಿಸಿದಾಗ, “ಗೊತ್ತಪ್ಪ, ಈ ಮನೇಲಿ ಯಾವತ್ತೂ ನನ್ನ ಕಡೆಯೇ ತಗ್ಗು” ಎಂದು ಒಳಗೆ ಹೋದಳು.

ಆಗ ನಾನೇ ಕಾರ್ಯಭಾರವನ್ನು ವಹಿಸಿಕೊಂಡೆ. ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ರಸಮಟ್ಟವನ್ನು ಗಾರೆಯವನಿಂದ ಎರವಲು ತಂದು, ಗುಳ್ಳೆ ನಟ್ಟನಡುವೆ ನಿಲ್ಲುವ ತನಕ, ಹಲಗೆಯ ಕೆಳಗೆ ಕಾಗದದ ಮೇಲೆ ಕಾಗದ ಸೇರಿಸುತ್ತ ಮೂರು ವಾರ ಸಾಧನೆ ಮಾಡಿದೆ. ಸೃಷ್ಟಿಕರ್ತನ ಭೂಮಿಗೆ ಸಮನಾದದ್ದು ಎಲ್ಲಕ್ಕೂ ಸಮನಲ್ಲವೆ? ಎರಡನೆಯ ಫಲಕದಲ್ಲಿ ಆಕೆಯ ಹೆಸರಿನ ಕೊನೆಯ ಎರಡು ಅಕ್ಷರಗಳು ಮೂಡಲೇ ಇಲ್ಲ.

ಬೀದಿಯ ತುದಿಯ ಲೇತ್ ಮೇಸ್ತ್ರಿ ಬಂದು ನೋಡಿ, “ಭೂಮಿ ನೋಡ್ಕೊಂಡು ಏನು ಮಾಡ್ತೀರಿ ಯಜಮಾನ್ರೇ, ಸೂಜಿ ಓಡೋ ದಾರಿನೇ ಓರೆ. ಅಗಲ ಬಾಯಿನ ಉಳಿ ಸಿಗಿಸಿ ಹಲಗೇನ ಅದರ ಕೈಲೇ ಹೆರೆಸಿಬಿಡಿ. ಅದು ಹೆಂಗೆ ಓಡುತ್ತೋ ಹಲಗೆನೂ ಹಂಗೇ ಆಗುತ್ತೆ” ಎಂದ. ನಾನು ಕಿವಿ ಮುಚ್ಚಿಕೊಂಡೆ. ತಾನೇ ಓರೆಯಾಗಿರುವವನು ಲೋಕವನ್ನೆಲ್ಲ ತನ್ನ ಓರೆಗೆ ತಕ್ಕಂತೆ ಹೆರೆದು, ಇದೇ ಸಮತಲವೆಂದು ಘೋಷಿಸುವುದನ್ನು ನಾನು ಓದಿದ ಯಾವ ಗ್ರಂಥವೂ ಒಪ್ಪುವುದಿಲ್ಲ. ಸತ್ಯಕ್ಕೋಸ್ಕರ ಒಬ್ಬರ ಹೆಸರು ಕೊಂಚ ಮಸುಕಾದರೆ ಸಹಿಸಿಕೊಳ್ಳಬೇಕೆಂದು ಮನೆಯವರೆಲ್ಲರಿಗೂ ದೀರ್ಘವಾಗಿ ಉಪದೇಶಿಸಿದೆ.

ನನ್ನ ಪತ್ನಿ ಉಪದೇಶವನ್ನು ಪೂರ್ತಿ ಕೇಳಿ, “ಹಾಗಾದ್ರೆ ಹೆಸರು ಅದಲು ಬದಲು ಮಾಡಿ. ಸತ್ಯಕ್ಕೇನೂ ತೊಂದರೆ ಇಲ್ಲವಲ್ಲ” ಎಂದಳು. ಹಾಗೆಯೇ ಅದಲು ಬದಲು ಮಾಡಿದೆ. ಮೂರನೆಯ ಫಲಕ ಈಗ ಬಾಗಿಲ ಮೇಲಿದೆ. ಆಕೆಯ ಹೆಸರನ್ನು ಬೀದಿಯ ಆಚೆ ಬದಿಯಿಂದಲೂ ಓದಬಹುದು. ನನ್ನ ಹೆಸರು ಸಂಜೆಯ ಓರೆಬಿಸಿಲಿನಲ್ಲಿ, ಮೋಡವಿಲ್ಲದಿದ್ದರೆ, ಗೋಚರವಾಗುವ ಸಾಧ್ಯತೆಯಿದೆ. ನನಗೆ ಬಂದ ಧರ್ಮಗ್ರಂಥಗಳ ಕಟ್ಟನ್ನು ಅಂಚೆಯವನು, ಅಂಥವರು ಇಲ್ಲಿಲ್ಲವೆಂದು ಹಿಂದಿರುಗಿಸಿದ್ದಾನೆ. ಮೀಟರು ನೋಡಲು ಬಂದವನು, “ಮೇಡಮ್ಮೋರು ಇಲ್ವಾ? ನೀವು ಬಾಡಿಗೆಗಿದ್ದೀರಾ?” ಎಂದು ವಿಚಾರಿಸಿದ್ದಾನೆ. ಪ್ರಾರ್ಥನೆಯಲ್ಲಿ ನನ್ನ ವಿಳಾಸವನ್ನು ನಿವೇದಿಸಿಕೊಳ್ಳಲು ನನಗೇ ಅಳುಕು. ಅಲ್ಲಿಂದಲೂ ಯಾರಾದರೂ ಬಾಗಿಲು ನೋಡಿ ಹಿಂದಿರುಗಿಬಿಟ್ಟರೆ?

ಆದ್ದರಿಂದ ಮಾನ್ಯರೇ, ತಾವು ಭೂಮಂಡಲವನ್ನೇ ಬಲಗಡೆ ಕೂದಲೆಳೆಯಷ್ಟು ಎತ್ತಿ ಹಿಡಿಯಲು ಸಮರ್ಥರಾದರೆ ಅದೇ ಉತ್ತಮ. ಅದು ಸಾಧ್ಯವಾಗದಿದ್ದಲ್ಲಿ, ಹಲಗೆಯನ್ನು ತಮ್ಮ ಓಟಕ್ಕೆ ತಕ್ಕಂತೆ ತಾವೇ ಹೆರೆದುಕೊಳ್ಳಲು ಈ ಮೂಲಕ ಸಂಪೂರ್ಣ ಅನುಮತಿ ನೀಡಿದ್ದೇನೆ. ಗ್ರಂಥಗಳನ್ನು ಮತ್ತೊಮ್ಮೆ ನೋಡಲಾಗಿ, ಅವುಗಳಲ್ಲಿ ಸ್ಪಷ್ಟವಾದ ನಿಷೇಧವೇನೂ ಕಂಡುಬರಲಿಲ್ಲ. ಆಕೆಯ ಹೆಸರು ಮಸುಕಾಗಿದ್ದಾಗ ನಿಂತೇ ಇದ್ದ ನನ್ನ ತತ್ತ್ವ, ನನ್ನ ಹೆಸರು ಮಸುಕಾದೊಡನೆ ಹೇಗೆ ಮಲಗಿತೆಂದು ಆಕೆ ಕೇಳಿದ್ದಾಳೆ. ಆ ಪ್ರಶ್ನೆ ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ.

ಇಂತು, ಹತ್ತಿರ ಬಂದು ಕಣ್ಣು ಕಿರಿದು ಮಾಡಿದರೆ ಕಾಣಸಿಗುವ,
ತಮ್ಮ ವಿಶ್ವಾಸಿ,
ಫಲಕದ ಬಲಗಡೆಯವನು

ತಾ.ಕ.: ತಾವು ಒಂದೇ ಗಂಟೆಯಲ್ಲಿ ಹಲಗೆಯನ್ನು ಕನ್ನಡಿಯಂತೆ ಹೆರೆದುಕೊಂಡದ್ದನ್ನು ಕಂಡು ಧನ್ಯನಾಗಿ, ಹೊಸ ಹಿತ್ತಾಳೆಯನ್ನು ತಂದು ಪತ್ನಿಯ ಮುಂದಿಟ್ಟೆ. ಬಾಗಿಲ ಮೇಲಿರುವುದು ಚೆನ್ನಾಗಿಯೇ ಇದೆಯೆಂದು ತೀರ್ಪಿತ್ತು, ಹೊಸದನ್ನು ಮಗಳ ಮನೆಯ ಫಲಕಕ್ಕೆಂದು ತಮ್ಮ ಹಲಗೆಯ ಮೇಲಿಡಿಸಿದ್ದಾಳೆ. ಎಡಗಡೆ ಮಗಳ ಹೆಸರು, ಬಲಗಡೆ ಅಳಿಯಂದಿರದು. ಹಲಗೆ ಸಮವಾಗಿರುವುದರಿಂದ ಭಯವಿಲ್ಲವೆಂದು ಅವರು ನಿಶ್ಚಿಂತರಾಗಿದ್ದಾರೆ. ಹಿತ್ತಾಳೆಯ ಎಡ ಅಂಚಿನ ಕೆಳಗೆ ನನ್ನ ಪತ್ನಿ ನಾಲ್ಕು ಮಡಿಕೆಯ ಕಾಗದವೊಂದನ್ನು ತೂರಿಸಿದ್ದನ್ನು ನಾವಿಬ್ಬರೇ ನೋಡಿದ್ದೇವೆ, ತಾವು ಮತ್ತು ನಾನು. ಅಳಿಯಂದಿರು ಈ ಪತ್ರವನ್ನು ಓದುವಷ್ಟರಲ್ಲಿ ತಾವು ಕೆಲಸ ಮುಗಿಸಿರುವಿರೆಂದು ನಂಬಿದ್ದೇನೆ.